ಮನೆಗೆ ಫೈಬರ್ ವೈರ್ ತರುವ ಮೊದಲು ಪಿನ್ನಿನ ಬಣ್ಣ ನೋಡಿ

ನಮ್ಮ ಮನೆಗೆ ಈವರೆಗೆ ಮೂರು ಫೈಬರ್ ವೈರ್ ಬಂದಿವೆ. ಕೆಲಸ ಮಾಡುತ್ತಿರುವುದು ಒಂದೇ. ಉಳಿದೆರಡಕ್ಕೆ ಕೊಟ್ಟ ದುಡ್ಡನ್ನು ಟ್ಯೂಷನ್ ಫೀಸು ಅಂತ ಲೆಕ್ಕ ಹಾಕಿಕೊಂಡಿದ್ದೇನೆ. ಆ ಪಾಠ ನಿಮಗೆ ಪುಕ್ಕಟೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯ ಹಳೆ ಓಣಿಯೊಂದರಲ್ಲಿ ನಮ್ಮ ಮನೆ. ಕೆಳಗೆ ಅಜ್ಜನ ಕಾಲದ ಕಲ್ಲಿನ ಗೋಡೆ, ಮಾಳಿಗೆ ಮೇಲೆ ನಾವು ಆಮೇಲೆ ಕಟ್ಟಿಸಿದ ಒಂದು ಕೋಣೆ. ಇಂಟರ್ನೆಟ್ಟಿನ ಬಾಕ್ಸ್ ಪಡಸಾಲೆಯಲ್ಲಿತ್ತು. ಅಷ್ಟು ದಪ್ಪದ ಗೋಡೆ ದಾಟಿ ಮೇಲೆ ಬರುವಷ್ಟರಲ್ಲಿ ವೈಫೈ ಜೀವ ಬಿಟ್ಟಿರುತ್ತಿತ್ತು. ಮೀಟಿಂಗಿನಲ್ಲಿ ನನ್ನ ಮುಖ ನಿಂತುಬಿಡೋದು, ಬಾಯಿ ತೆರೆದುಕೊಂಡೇ. ಅದಕ್ಕೆ ಬಾಕ್ಸನ್ನೇ ಮೇಲಿನ ಕೋಣೆಗೆ ಒಯ್ಯೋಣ ಅಂತ ಯೋಚಿಸಿದೆ. ಬೇಕಾಗಿದ್ದು 20 ಮೀಟರ್ ವೈರ್, ಅಷ್ಟೇ. ಅಂಗಡಿಗೆ ಹೋಗಿ "ಒಳ್ಳೇ ಫೈಬರ್ ವೈರ್ ಕೊಡ್ರಿ, ಸ್ಪೀಡ್ ಜಾಸ್ತಿ ಇರೋದು" ಅಂದೆ. ತಪ್ಪು ಅಲ್ಲೇ ಶುರುವಾಯಿತು. ನಾನು ಏನು ಕೇಳಿದೆನೋ ಅದನ್ನೇ ಅವರು ಕೊಟ್ಟರು: ತಿಳಿ ನೀಲಿ-ಹಸಿರು ಬಣ್ಣದ, ನೋಡೋಕೆ ಭಾಳ ಚಂದದ ವೈರು, ಪ್ಯಾಕೆಟ್ಟಿನ ಮೇಲೆ 10 ಜಿಬಿ ಅಂತ ಬರೆದದ್ದು. ಮನೆಗೆ ತಂದು ನೋಡಿದರೆ ತುದಿಯಲ್ಲಿ ಎರಡೆರಡು ಸಣ್ಣ ಪಿನ್ನು. ನಮ್ಮ ಬಾಕ್ಸಿಗೆ ಇರೋದು ಒಂದೇ ದೊಡ್ಡ ಚೌಕ ಕಿಂಡಿ. ಅದು ಒಳಗೆ ಹೋಗಲೇ ಇಲ್ಲ.

ಫೈಬರ್ ವಿಷಯದಲ್ಲಿ ಸ್ಪೀಡ್ ಕೇಳಿಕೊಂಡು ವೈರ್ ತರೋದು ಅಂದರೆ ಮೈಲೇಜ್ ಕೇಳಿಕೊಂಡು ಟೈರ್ ತಂದಂತೆ. ಮೊದಲು ಅದು ನಿಮ್ಮ ಗಾಡಿಗೆ ಕೂರಬೇಕಲ್ಲ. ಮನೆಗೆ ಬರುವ ಲೈನಿನಲ್ಲಿ ಸ್ಪೀಡನ್ನು ತೀರ್ಮಾನ ಮಾಡೋದು ಕಂಪನಿಯ ಮಷಿನ್ನು ಮತ್ತು ನೀವು ಹಾಕಿಸಿಕೊಂಡ ಪ್ಲ್ಯಾನು. ನಮ್ಮಲ್ಲಿ ಮನೆಗಳಿಗೆ ಜಾಸ್ತಿ ಬಳಕೆಯಲ್ಲಿರುವ ಜಿಪಾನ್ ಅನ್ನುವ ಪದ್ಧತಿಯಲ್ಲಿ ಒಂದು ಲೈನಿನಲ್ಲಿ ಸೆಕೆಂಡಿಗೆ 2.488 ಗಿಗಾಬಿಟ್ ಕೆಳಗೆ ಬರುತ್ತದೆ, 1.244 ಗಿಗಾಬಿಟ್ ಮೇಲೆ ಹೋಗುತ್ತದೆ. ಅದನ್ನೇ ಕಂಬದ ಮೇಲಿನ ಸ್ಪ್ಲಿಟರ್ ಮನೆಮನೆಗೆ ಹಂಚುತ್ತದೆ, ಅನೇಕ ಕಡೆ 32 ಮನೆಗೆ. ನಿಮ್ಮ ಪ್ಲ್ಯಾನು 100 ಎಂಬಿಪಿಎಸ್ ಇದ್ದರೆ, ನೀವು ಬಂಗಾರದ ವೈರ್ ಹಾಕಿದರೂ ಬರೋದು 100ರ ಆಸುಪಾಸೇ. ಆದರೆ ತಪ್ಪು ವೈರ್ ಹಾಕಿದರೆ ಆ 100 ಕೂಡ ಬರೋದಿಲ್ಲ.

ಸಿಂಗಲ್ ಮೋಡ್, ಮಲ್ಟಿ ಮೋಡ್

ಫೈಬರ್ ವೈರಿನಲ್ಲಿ ಇವು ಎರಡು ಜಾತಿ. ಇದರಲ್ಲಿ ಚರ್ಚೆಯೇ ಇಲ್ಲ, ಮನೆಗೆ ಸಿಂಗಲ್ ಮೋಡೇ. ಆದರೂ ಯಾಕೆ ಅಂತ ಒಂದು ಮಾತು. ಫೈಬರ್ ಅಂದರೆ ಕೂದಲಿನಷ್ಟು ತೆಳ್ಳಗಿನ ಗಾಜು. ಅದರ ನಟ್ಟನಡುವೆ ಬೆಳಕು ಓಡುವ ದಾರಿ, ಸುತ್ತ ಇನ್ನೊಂದು ಗಾಜಿನ ಪದರ. ಎರಡೂ ಸೇರಿ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಈ 125 ಎರಡರಲ್ಲೂ ಒಂದೇ. ನಡುವಿನ ದಾರಿ ಮಾತ್ರ ಸಿಂಗಲ್ ಮೋಡಿನಲ್ಲಿ ಸುಮಾರು 9 ಮೈಕ್ರಾನ್, ಮಲ್ಟಿ ಮೋಡಿನಲ್ಲಿ 50 ಅಥವಾ 62.5. ಅಗಲದ ದಾರಿ ಆದ್ದರಿಂದ ಮಲ್ಟಿ ಮೋಡಿನಲ್ಲಿ ಬೆಳಕು ನಾನಾ ಕೋನದಲ್ಲಿ ಬಡಿದುಕೊಂಡು ಓಡುತ್ತದೆ, ಕೆಲವು ಕಿರಣ ಮೊದಲು ಮುಟ್ಟುತ್ತವೆ, ಕೆಲವು ತಡವಾಗಿ. ಕೆಲವು ನೂರು ಮೀಟರಿನ ಒಳಗೆ, ಒಂದೇ ಕಟ್ಟಡದ ಸರ್ವರ್ ರೂಮಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಾನು ತಂದಿದ್ದ 10 ಜಿಬಿ ವೈರ್ ಅಂಥದ್ದೇ, ಓಎಂ3 ಅನ್ನುವ ಜಾತಿ. ಅದರದ್ದೇನೂ ತಪ್ಪಿಲ್ಲ, ಜಾಗ ತಪ್ಪು.

ಕೆಲವರು ಕನ್ವರ್ಟರ್ ಪಿನ್ ಹಾಕಿ ಹೇಗೋ ಕೂರಿಸುತ್ತಾರೆ. ಅದು ಬೇಡ. ಸಣ್ಣ ದಾರಿಯಿಂದ ದೊಡ್ಡ ದಾರಿಗೆ ಬೆಳಕು ಸುಲಭವಾಗಿ ಬಂದುಬಿಡುತ್ತದೆ, ಆದರೆ 50 ಮೈಕ್ರಾನಿನಿಂದ 9 ಮೈಕ್ರಾನಿಗೆ ಹೋಗುವಾಗ ಬಹುಪಾಲು ಹೊರಗೇ ಉಳಿಯುತ್ತದೆ, ಬಿಂದಿಗೆ ನೀರನ್ನು ಬಾಟಲಿಯ ಬಾಯಿಗೆ ಒಮ್ಮೆಲೇ ಸುರಿದ ಹಾಗೆ. ಮನೆ ಲೈನಿನಲ್ಲಿ ಒಂದೇ ಎಳೆಯಲ್ಲಿ ಬೆಳಕು ಎರಡೂ ಕಡೆ ಓಡಾಡುತ್ತದೆ, ಕಂಪನಿಯಿಂದ ಬರೋದು 1490 ನ್ಯಾನೋಮೀಟರ್ ತರಂಗಾಂತರದ ಬೆಳಕು, ನಮ್ಮ ಕಡೆಯಿಂದ ಹೋಗೋದು 1310ರದ್ದು. ಹಾಗಾಗಿ ಒಂದು ದಿಕ್ಕಿಗೆ ನಡೆದರೂ ಇನ್ನೊಂದು ದಿಕ್ಕಿಗೆ ಕೈಕೊಡುತ್ತದೆ.

ಗುರುತು ಹಿಡಿಯೋದು ಸುಲಭ. ಹಳದಿ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪಿನ್ ಹಾಕಿಯೇ ಬರುವ ವೈರ್, ಸಾಮಾನ್ಯವಾಗಿ ಸಿಂಗಲ್ ಮೋಡ್. ಕೇಸರಿ ಅಥವಾ ತಿಳಿ ನೀಲಿ-ಹಸಿರು ಇದ್ದರೆ ಮಲ್ಟಿ ಮೋಡ್. ಆದರೆ ಮನೆಯೊಳಗೆ ಎಳೆಯುವ ವೈರ್ ಬಿಳಿಯೂ ಇರುತ್ತದೆ, ಹೊರಗಿನದು ಕಪ್ಪು. ಆದ್ದರಿಂದ ಬಣ್ಣ ಒಂದನ್ನೇ ನಂಬದೆ ಮೈಮೇಲೆ ಅಚ್ಚು ಹಾಕಿದ್ದನ್ನು ಓದಿ. 9/125 ಅಂತ ಇದ್ದರೆ ಸರಿ. 50/125 ಅಂತ ಇದ್ದರೆ ಅಲ್ಲೇ ವಾಪಸ್ ಕೊಡಿ. ಜೊತೆಗೆ, ಮನೆಗೆ ಬೇಕಾದದ್ದು ಒಂಟಿ ಎಳೆಯ ಪ್ಯಾಚ್ ಕಾರ್ಡ್, ಅದನ್ನು ಸಿಂಪ್ಲೆಕ್ಸ್ ಅಂತಾರೆ. ಜೋಡಿ ಎಳೆಯ ಡುಪ್ಲೆಕ್ಸ್‌ಗೆ ಸುಮ್ನೆ ದುಡ್ಡು ದಂಡ.

ಹಸಿರು ಪಿನ್, ನೀಲಿ ಪಿನ್

ಜನ ಜಾಸ್ತಿ ಎಡವೋದು ಇಲ್ಲಿ. ನಾನೂ ಎರಡನೇ ಸಲ ಎಡವಿದ್ದು ಇಲ್ಲೇ.

ಮಲ್ಟಿ ಮೋಡ್ ಪಾಠ ಆದಮೇಲೆ ನಾನು ಜಾಣನಾಗಿದ್ದೆ. ಹಳದಿ ವೈರ್, ಸಿಂಗಲ್ ಮೋಡ್, ಒಂಟಿ ಎಳೆ, ಚೌಕ ಪಿನ್ನು, ಎಲ್ಲ ನೋಡಿಯೇ ಆನ್‌ಲೈನಿನಲ್ಲಿ ತರಿಸಿದೆ. ಪಿನ್ನು ನೀಲಿ ಇತ್ತು. ನಮ್ಮ ಹಳೇ ವೈರಿನ ತುದಿ ಹಸಿರು. ಬಣ್ಣ ಏನಾದರೇನು, ಆಕಾರ ಒಂದೇ ಅಲ್ವಾ ಅಂದುಕೊಂಡೆ. ನಡುವೆ ಒಂದು ಜೋಡಿಸುವ ಅಡಾಪ್ಟರ್ ಹಾಕಿದೆ, ಟಕ್ ಅಂತ ಕೂತಿತು, ಇಂಟರ್ನೆಟ್ ಬಂದೇ ಬಂತು. ಇಡೀ ಸಂಜೆ ಮೀಸೆ ತಿರುವಿದ್ದೇ ತಿರುವಿದ್ದು. ಮರುದಿನ ಬೆಳಗ್ಗೆ ಎಲ್‌ಓಎಸ್ ಅನ್ನುವ ಕೆಂಪು ಲೈಟು, ಅಂದರೆ ಲೈನಿನ ಬೆಳಕು ಬಾಕ್ಸಿಗೆ ಸಿಗುತ್ತಿಲ್ಲ ಅನ್ನುವ ಸೂಚನೆ. ಸ್ವಲ್ಪ ಹೊತ್ತಿಗೆ ಹೋಯಿತು. ಮಧ್ಯಾಹ್ನ ಮತ್ತೆ ಬಂತು. ಮೂರು ದಿನ ಈ ಕಣ್ಣಾಮುಚ್ಚಾಲೆ ಆಡಿ ಕೊನೆಗೆ ಲೈನಿನ ಹುಡುಗನನ್ನು ಕರೆದೆ. ಅವನು ಮೇಲೆ ಬಂದು, ಚಹಾ ಕುಡಿಯುವ ಮೊದಲೇ, ಅಡಾಪ್ಟರ್ ನೋಡಿ ನಕ್ಕ. "ಅಣ್ಣಾ, ಹಸಿರಕ್ಕ ನೀಲಿ ಹಚ್ಚೀರಿ ನೋಡ್ರಿ. ಇವೆರಡಕ್ಕ ಆಗಿ ಬರಂಗಿಲ್ರಿ."

ಆಗಿ ಬರದಿರುವುದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣದು. ಎರಡೂ ಎಸ್‌ಸಿ ಅನ್ನುವ ಚೌಕ ಪಿನ್ನುಗಳೇ, ಆಕಾರ ಒಂದೇ. ಆದರೆ ನೀಲಿಯದರ, ಅಂದರೆ ಯುಪಿಸಿ ಪಿನ್ನಿನ ತುದಿ ನೇರ ಉಜ್ಜಿದ್ದು. ಹಸಿರಿನ, ಎಪಿಸಿ ಪಿನ್ನಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಓರೆ ಯಾಕೆ ಅಂದರೆ, ಜೋಡಣೆಯಲ್ಲಿ ಬೆಳಕು ಸ್ವಲ್ಪ ವಾಪಸ್ ಚಿಮ್ಮುತ್ತದೆ, ಓರೆ ಇದ್ದರೆ ಆ ಚಿಮ್ಮಿದ ಬೆಳಕು ಬಂದ ದಾರಿಯಲ್ಲೇ ಹೋಗದೆ ಪಕ್ಕಕ್ಕೆ ಹೋಗಿ ಸಾಯುತ್ತದೆ. ಓರೆ ತುದಿಗೆ ಓರೆ ತುದಿ ತಾಗಿದರೆ ಗಾಜಿಗೆ ಗಾಜು ಅಂಟಿಕೊಂಡು ನಿಲ್ಲುತ್ತದೆ. ಓರೆಗೆ ನೇರ ತಾಗಿಸಿದರೆ ನಡುವೆ ಸಂದಿ ಉಳಿಯುತ್ತದೆ, ಒಂದು ಪಾಲು ಬೆಳಕು ಅಲ್ಲೇ ಸೋರಿಹೋಗುತ್ತದೆ. ಒತ್ತಿ ಕೂರಿಸಿದರೆ ಎರಡು ತುದಿಗೂ ಗೀರು ಬೀಳಬಹುದು.

ಹಾಗಾದರೆ ಯಾವುದು ಒಳ್ಳೆಯದು? ಕಾಗದದ ಮೇಲೆ ಹಸಿರು ಒಳ್ಳೆಯದು. ಆದರೆ ನಿಮ್ಮ ಬಾಕ್ಸಿನ ಕಿಂಡಿ ನೀಲಿ ಇದ್ದರೆ ನೀಲಿಯೇ ಒಳ್ಳೆಯದು. ಇದರಲ್ಲಿ ಉತ್ತಮ-ಮಧ್ಯಮ ಅಂತ ನೋಡಬಾರದು, ಜೋಡಿ ನೋಡಬೇಕು. ಬಾಕ್ಸಿನ ಬೆನ್ನು ತಿರುಗಿಸಿ ಕಿಂಡಿಯ ಬಣ್ಣ ನೋಡಿ, ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡು ಅಂಗಡಿಗೆ ಹೋಗಿ. ಒಂದು ಕಡೆ ಹಸಿರು ಇನ್ನೊಂದು ಕಡೆ ನೀಲಿ ಬೇಕಾದರೆ ಹಾಗೇ ಎರಡು ತುದಿಗೆ ಎರಡು ಪಿನ್ ಇರುವ ಪ್ಯಾಚ್ ಕಾರ್ಡ್ ಸಿಗುತ್ತದೆ, ಅದನ್ನೇ ತನ್ನಿ. ಒಂದೇ ವೈರಿನ ಎರಡು ತುದಿ ಬೇರೆ ಇರೋದರಲ್ಲಿ ತೊಂದರೆ ಇಲ್ಲ, ಎದುರುಬದುರು ತಾಗುವ ತುದಿಗಳು ಮಾತ್ರ ಒಂದೇ ಜಾತಿಯವು ಆಗಿರಬೇಕು. ಅಡಾಪ್ಟರೂ ಅದೇ ಬಣ್ಣದ್ದು ತನ್ನಿ, ಆಗ ಮುಂದೆ ಯಾರೂ ಗೊಂದಲ ಮಾಡಿಕೊಳ್ಳೋದಿಲ್ಲ. ಕಂಪನಿ ಬದಲಿಸಿದಾಗ ಬಾಕ್ಸ್ ಬದಲಾಗುತ್ತದೆ, ಆಗ ಕಿಂಡಿಯ ಬಣ್ಣವೂ ಬದಲಾಗಬಹುದು ಅನ್ನೋದು ನೆನಪಿರಲಿ. ಜಿಪಾನ್ ಬಾಕ್ಸನ್ನು ಇಪಾನ್ ಅನ್ನುವ ಇನ್ನೊಂದು ಪದ್ಧತಿಯ ಲೈನಿಗೆ ಹಾಕಿದರೆ ನಡೆಯೋದಿಲ್ಲ, ಆದರೆ ಒಳಗಿನ ಗಾಜು ಎರಡಕ್ಕೂ ಅದೇ ಸಿಂಗಲ್ ಮೋಡ್.

ನಿಮ್ಮ ಲೈನಿನಲ್ಲಿ ಎಷ್ಟು ಬೆಳಕು ಉಳಿದಿದೆ?

ಇದನ್ನು ವೈರ್ ತರುವ ಮೊದಲೇ ನೋಡಬೇಕು. ಯಾಕೋ ಯಾರೂ ಹೇಳೋದೇ ಇಲ್ಲ.

ಬಾಕ್ಸಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಬಾಕ್ಸಿನ ಕೆಳಗಿನ ಸ್ಟಿಕರಿನಲ್ಲಿ ವಿಳಾಸ ಇರುತ್ತದೆ, ಹೆಚ್ಚಾಗಿ 192.168.1.1. ಅಲ್ಲಿ ಆಪ್ಟಿಕಲ್ ಅಥವಾ ಪಾನ್ ಅನ್ನುವ ಕಡೆ ಆರ್‌ಎಕ್ಸ್ ಪವರ್ ಅಂತ ಒಂದು ಅಂಕಿ, ಮೈನಸ್ಸಿನಲ್ಲಿ, ಡಿಬಿಎಂ ಅನ್ನುವ ಅಳತೆಯಲ್ಲಿ; ಬಾಕ್ಸಿಗೆ ಬಂದು ಮುಟ್ಟುವ ಬೆಳಕು ಎಷ್ಟು ಅನ್ನೋದು ಅದು. ಪುಟ ತೆರೆಯದಿದ್ದರೆ ಲೈನಿನ ಹುಡುಗನ ಹತ್ತಿರ ಪವರ್ ಮೀಟರ್ ಇರುತ್ತದೆ, ಹಿಡಿದು ನೋಡಲು ಹೇಳಿ. ಮೈನಸ್ 20 ಅಂದರೆ ಒಂದು ಮಿಲಿವ್ಯಾಟಿನ ನೂರನೇ ಒಂದು ಭಾಗ. ಮೈನಸ್ 23 ಅಂದರೆ ಅದರ ಅರ್ಧ. ಪ್ರತಿ 3 ಡಿಬಿ, ಅಂದರೆ ಡೆಸಿಬಲ್, ಇಳಿದರೂ ಬೆಳಕು ಅರ್ಧ ಆಗುತ್ತಾ ಹೋಗುತ್ತದೆ. ಸಾಮಾನ್ಯ ಜಿಪಾನ್ ಬಾಕ್ಸು ಮೈನಸ್ 27ರ ತನಕ ಓದುತ್ತದೆ, ಅದರ ಕೆಳಗೆ ಹೋದರೆ ನಂಬಲಾಗದು. ಮೈನಸ್ 8ಕ್ಕಿಂತ ಜೋರಾದರೂ ಅದಕ್ಕೆ ಕಣ್ಣು ಕುಕ್ಕುತ್ತದೆ.

ಈಗ ಲೆಕ್ಕ ನೋಡಿ. 20 ಮೀಟರ್ ಒಳ್ಳೆಯ ಗಾಜಿನಲ್ಲಿ ಕಳೆದುಹೋಗುವ ಬೆಳಕು ಹೆಚ್ಚುಕಡಿಮೆ ಸೊನ್ನೆ, ಯಾಕೆಂದರೆ ಪೂರಾ ಒಂದು ಕಿಲೋಮೀಟರಿಗೆ 1310ರಲ್ಲಿ ಸುಮಾರು 0.35 ಡಿಬಿ ಅಷ್ಟೇ. ಉದ್ದದ ಚಿಂತೆ ಬಿಡಿ. ಚಿಂತೆ ಇರೋದು ಜೋಡಣೆಯಲ್ಲಿ. ಸರಿಯಾದ ಜೋಡಿ ಪಿನ್ನು, ಶುಚಿಯಾಗಿದ್ದರೆ, ಸುಮಾರು 0.3 ಡಿಬಿ. ಬಿಸಿ ಮಾಡಿ ಗಾಜಿಗೆ ಗಾಜು ಬೆಸೆದರೆ, ಅದೇ ಸ್ಪ್ಲೈಸಿಂಗ್, 0.1ಕ್ಕಿಂತ ಕಡಿಮೆ. ಸ್ಪ್ಲಿಟರು 32 ಮನೆಗೆ ಹಂಚುವಾಗ ತಾನೇ ಸುಮಾರು 17 ಡಿಬಿ ತಿಂದುಬಿಟ್ಟಿರುತ್ತದೆ. ಹಾಗಾಗಿ ನಿಮ್ಮ ಅಂಕಿ ಈಗ ಮೈನಸ್ 20ರ ಹತ್ತಿರ ಇದ್ದರೆ ಧಾರಾಳವಾಗಿ ಒಂದು ಪ್ಯಾಚ್ ಕಾರ್ಡ್ ಸೇರಿಸಿ. ಮೈನಸ್ 25 ಅಥವಾ 26 ಇದ್ದರೆ ನೀವು ಎಂಥ ವೈರ್ ತಂದರೂ ಅಂಚಿನ ಮೇಲೆ ನಡೆದಂತೆ, ಮೊದಲು ಕಂಪನಿಯವರನ್ನು ಕರೆಸಿ ಕಂಬದ ಕಡೆ ಸರಿ ಮಾಡಿಸಿ. ನಮ್ಮ ಮನೆಯಲ್ಲಿ ಮೊದಲು ಇದ್ದದ್ದು ಮೈನಸ್ 21. ಹಸಿರಿಗೆ ನೀಲಿ ಹಚ್ಚಿದ ಮೇಲೆ ಮೈನಸ್ 26.5. ಅಂದರೆ ಬಂದ ಬೆಳಕಿನ ಮುಕ್ಕಾಲು ಪಾಲು ಆ ಒಂದು ಸಂದಿಯಲ್ಲಿ ಹೋಗುತ್ತಿತ್ತು, ಆದರೂ ಇಂಟರ್ನೆಟ್ ನಡೆಯುತ್ತಿತ್ತು, ಅದಕ್ಕೇ ನನಗೆ ತಪ್ಪು ಗೊತ್ತಾಗಲಿಲ್ಲ.

ಇನ್ನೊಂದು, ಧೂಳು. ನಮ್ಮೂರಿನ ಬೇಸಿಗೆ ಗಾಳಿಗೆ ಮುಚ್ಚಿದ ಪೆಟ್ಟಿಗೆಯೊಳಗೂ ಧೂಳು ಸೇರುತ್ತದೆ. 9 ಮೈಕ್ರಾನಿನ ದಾರಿಗೆ ಒಂದು ಧೂಳಿನ ಕಣವೇ ಬಂಡೆ. ಪಿನ್ನಿನ ಟೋಪಿ ಕೊನೇ ಗಳಿಗೆಯ ತನಕ ತೆಗೆಯಬೇಡಿ, ಬೆರಳು ತಾಗಿಸಬೇಡಿ, ಅಂಗಿಯ ತುದಿಯಿಂದಂತೂ ಒರೆಸಲೇಬೇಡಿ. ಎಳೆ ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಿಗೆ ಒರೆಸಿ. ತುದಿಯನ್ನು ಕಣ್ಣಿಗೆ ಹಿಡಿದು ಲೈಟ್ ಬರುತ್ತಾ ಅಂತ ನೋಡೋದು ಬೇಡವೇ ಬೇಡ. ಅದು ಕಾಣದ ಬೆಳಕು, ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಬಳೆ, ರೂಪಾಯಿ, ಉಂಗುರ

ವೈರಿನ ಮೇಲೆ ಜಿ.652ಡಿ, ಜಿ.657ಎ1, ಜಿ.657ಎ2 ಅಂತ ಏನೋ ಬರೆದಿರುತ್ತಾರಲ್ಲ, ಅದು ಗಾಜು ಎಷ್ಟು ಬಾಗಿದರೆ ತಡೆದುಕೊಳ್ಳುತ್ತದೆ ಅನ್ನುವ ಜಾತಿ. ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. 652ಡಿ ಗಾಜನ್ನು ಬಳೆಯಷ್ಟು ದೊಡ್ಡ ಸುತ್ತಿಗಿಂತ ಸಣ್ಣದು ಸುತ್ತಬಾರದು, ಅದರ ಅಳತೆ 30 ಮಿಲಿಮೀಟರ್ ತ್ರಿಜ್ಯ. ಎ1 ಆದರೆ ಒಂದು ರೂಪಾಯಿ ನಾಣ್ಯದ ಸುತ್ತ, 10 ಮಿಲಿಮೀಟರ್. ಎ2 ಆದರೆ ಕಿರುಬೆರಳಿನ ಉಂಗುರದಷ್ಟು, 7.5 ಮಿಲಿಮೀಟರ್. ಬಾಗಿದ ಕಡೆ ಗಾಜು ಒಡೆಯದಿದ್ದರೂ ಬೆಳಕು ಹೊರಗೆ ಸೋರುತ್ತದೆ, ರಸ್ತೆಯ ತಿರುವಿನಲ್ಲಿ ಜೋರಾಗಿ ಬಂದ ಗಾಡಿ ಹೊಲಕ್ಕೆ ಇಳಿದಂತೆ.

ಓಣಿಗಳಲ್ಲಿ ಕಂಬದಿಂದ ಕಂಬಕ್ಕೆ ನೇರ ಎಳೆಯೋಕೆ 652ಡಿ ಸಾಕು. ಆದರೆ ಮನೆಯೊಳಗೆ ಬಾಗಿಲ ಚೌಕಟ್ಟು ಸುತ್ತಿ, ಮೂಲೆ ತಿರುಗಿಸಿ, ಕಪಾಟಿನ ಹಿಂದೆ ತೂರಿಸಿ ಎಳೆಯಬೇಕಾದರೆ ಎ2 ತಗೊಳ್ಳಿ. ಬೆಲೆಯ ವ್ಯತ್ಯಾಸ ಇದ್ದರೂ 20-30 ಮೀಟರಿಗೆ ಅದು ಲೆಕ್ಕಕ್ಕೆ ಬರೋದಲ್ಲ. ಎರಡನ್ನೂ ಒಂದಕ್ಕೊಂದು ಜೋಡಿಸಬಹುದು, ಪಿನ್ನಿನಂತೆ ಇದರಲ್ಲಿ ಜಗಳವಿಲ್ಲ. ಆದರೆ ಎ2 ಇದೆ ಅಂತ ಮೊಳೆ ಹೊಡೆದು ಬಿಗಿಯಾಗಿ ಕಟ್ಟಬೇಡಿ. ಅಳತೆ ಹೇಳಿದ್ದು ಒಳಗಿನ ಗಾಜಿಗೆ, ಮೇಲಿನ ಕವಚ ಸೇರಿದ ವೈರಿಗೆ ಇನ್ನೂ ಸ್ವಲ್ಪ ಉದಾರವಾಗಿ ತಿರುವು ಕೊಡಬೇಕು. ಪ್ಲಾಸ್ಟಿಕ್ ಟ್ಯಾಗ್ ಹಾಕಿ ಇಕ್ಕಳದಿಂದ ಎಳೆಯೋ ಚಟ ಇರುವವರು ಮನೆಯಲ್ಲಿದ್ದರೆ ಆ ದಿನ ಅವರನ್ನು ಮಾರ್ಕೆಟ್ಟಿಗೆ ಕಳಿಸಿಬಿಡಿ.

ಬಿಸಿಲಿಗೆ ಯಾವುದು, ನೆರಳಿಗೆ ಯಾವುದು

ಬೆಂಗಳೂರಿನವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಸುಡುವ ಕಲಬುರಗಿ, ಯಾದಗಿರಿ ಕಡೆಯವರಿಗೆ ಹೌದು. ಮಾಳಿಗೆಯ ಫರಸಿ ಮೇಲೆ ಬರಿಗಾಲಿಡೋಕೆ ಆಗೋದಿಲ್ಲ, ಅದರ ಮೇಲೆ ವೈರ್ ಇಡೀ ದಿನ ಮಲಗಿರುತ್ತದೆ.

ಬಿಳಿ ಅಥವಾ ಹಳದಿ ವೈರ್ ಮನೆಯೊಳಗಿನದು. ಬಿಸಿಲಿಗೆ ಹಾಕಿದರೆ ಕವಚ ಗಡುಸಾಗಿ ಒಡೆಯುತ್ತದೆ. ಹೊರಗೆ ಯಾವಾಗಲೂ ಕಪ್ಪು. ಕಪ್ಪು ಬಣ್ಣ ಶೋಕಿಗಲ್ಲ, ಅದರಲ್ಲಿ ಬೆರೆಸಿದ ಕಾರ್ಬನ್ ಕಪ್ಪು ಬಿಸಿಲಿನ ಅತಿನೇರಳೆ ಕಿರಣ ತಡೆಯುತ್ತದೆ. ಒಳಗಿನ ವೈರಿನಲ್ಲಿ ಎಲ್‌ಎಸ್‌ಜೆಡ್‌ಎಚ್ ಅಂತ ಬರೆದಿದ್ದರೆ ಒಳ್ಳೆಯದು, ಬೆಂಕಿ ಬಿದ್ದರೆ ಅದು ಹೊಗೆ ಕಡಿಮೆ ಕಾರುತ್ತದೆ, ವಿಷಗಾಳಿಯೂ ಕಡಿಮೆ.

ಕಂಬದಿಂದ ಮನೆಗೆ ಬರುವ ಹೊರಗಿನ ಕಪ್ಪು ವೈರಿಗೆ ಡ್ರಾಪ್ ವೈರ್ ಅಂತಾರೆ, ಅದರಲ್ಲೂ ಎರಡು ಥರ. ಒಂದರಲ್ಲಿ ಗಾಜಿನ ಎರಡೂ ಪಕ್ಕ ಸ್ಟೀಲಿನ ತಂತಿ, ಇನ್ನೊಂದರಲ್ಲಿ ಎಫ್‌ಆರ್‌ಪಿ ಅನ್ನುವ ನಾರು-ಪ್ಲಾಸ್ಟಿಕ್ಕಿನ ಕಡ್ಡಿ. ಸ್ಟೀಲಿನದು ಅಗ್ಗ, ಇಲಿ ಕಡಿದರೂ ಸ್ವಲ್ಪ ತಡೆಯುತ್ತದೆ. ಆದರೆ ಕರೆಂಟು ಹರಿಯುವ ವಸ್ತು. ನಮ್ಮ ಕಡೆ ಫೈಬರ್ ವೈರು ಕರೆಂಟ್ ಕಂಬದ ಮೇಲೆಯೇ ಬರುತ್ತದೆ, ಮಳೆಗಾಲದ ಶುರುವಿಗೆ ಗುಡುಗು-ಸಿಡಿಲು ಬೇರೆ. ಮನೆಯೊಳಗೆ ಬರುವ ವೈರು ಎಫ್‌ಆರ್‌ಪಿಯದೇ ಇರಲಿ ಅನ್ನೋದು ನನ್ನ ಮಾತು. ಕಂಬದಿಂದ ದೂರ ಎಳೆಯೋಕೆ ಪಕ್ಕದಲ್ಲಿ ದಪ್ಪ ತಂತಿ ಅಂಟಿಕೊಂಡ ವೈರ್ ಬರುತ್ತದೆ, ಭಾರ ಹೊರೋದು ಆ ತಂತಿ. ಅದನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಬೇಕು, ಒಳಗೆ ತರಬಾರದು. ಓಣಿ ದಾಟಿ ಬರುವುದಾದರೆ ಎತ್ತರ ಕೊಡಿ. ಸುಗ್ಗಿಯಲ್ಲಿ ಜೋಳದ ಕಣಿಕಿ ಹೇರಿಕೊಂಡು ಬರುವ ಒಂದು ಟ್ರ್ಯಾಕ್ಟರ್ ಸಾಕು, ನಿಮ್ಮ ವೈರ್ ಮಾತ್ರ ಅಲ್ಲ, ಓಣಿಯ ಅರ್ಧ ಇಂಟರ್ನೆಟ್ಟು ಅದರ ಹಿಂದೆ ಹೋಗುತ್ತದೆ.

ಹೊರಗಿನ ವೈರ್ ತರುವಾಗ ಒಂದು ಎಳೆಯದರ ಬದಲು ಎರಡು ಎಳೆಯದು ತನ್ನಿ. ಕೆಲಸಕ್ಕೆ ಬೇಕಾಗೋದು ಒಂದೇ. ಆದರೆ ಒಂದು ಸತ್ತರೆ ಇನ್ನೊಂದು ಇರುತ್ತದೆ, ಮತ್ತೆ ಗೋಡೆ ಕೊರೆಯೋ ಕೆಲಸ ಇಲ್ಲ. ಇಲಿ ಕಾಟ ಇರುವ ಮನೆಗೆ ಒಳಗೆ ಸ್ಟೀಲಿನ ಸುರುಳಿ ಇರುವ ಆರ್ಮರ್ಡ್ ಪ್ಯಾಚ್ ಕಾರ್ಡ್ ಸಿಗುತ್ತದೆ. ಕಾಳಿನ ಚೀಲ ಇಡುವ ಕೋಣೆಯಲ್ಲಿ ವೈರ್ ಹಾದುಹೋಗುವುದಾದರೆ ಆ ಖರ್ಚು ಮಾಡಿ, ಇಲ್ಲದಿದ್ದರೆ ಬೇಡ.

ರೆಡಿ ಪಿನ್ನಾ, ಕಟ್ ಮಾಡಿ ಹಾಕಿಸೋದಾ

ಎರಡೂ ಕಡೆ ಪಿನ್ ಹಾಕಿಯೇ ಬರುವ ರೆಡಿ ವೈರ್ ಚೆನ್ನಾಗಿರುತ್ತದೆ, ಫ್ಯಾಕ್ಟರಿಯಲ್ಲಿ ಉಜ್ಜಿದ ತುದಿ. ತೊಂದರೆ ಎಲ್ಲಿ ಅಂದರೆ, ಆ ಪಿನ್ನಿನ ತಲೆ ತೂರಬೇಕಾದರೆ ಗೋಡೆಗೆ ಬೆರಳಿನಷ್ಟು ದಪ್ಪದ ತೂತು ಬೇಕು. ಬರೀ ವೈರ್ ಆದರೆ ಪೆನ್ಸಿಲಿಗಿಂತ ಸಣ್ಣ ತೂತು ಸಾಕು. ಇಟ್ಟಿಗೆ ಗೋಡೆಯಲ್ಲಿ ಇದು ದೊಡ್ಡದಲ್ಲ. ಶಹಾಬಾದ್ ಕಲ್ಲಿನ ಗೋಡೆ ಕೊರೆದವರಿಗೆ ಗೊತ್ತು. ನಮ್ಮ ಮನೆಯಲ್ಲಿ ಒಂದು ಡ್ರಿಲ್ ಬಿಟ್ ಕೆಂಪಗಾಗಿ ಸತ್ತಿತು. ರೆಡಿ ವೈರಿನಲ್ಲಿ ಉದ್ದ ಕೂಡ ಅಂಗಡಿಯವರು ಹೇಳಿದ್ದೇ, 10, 15, 20, 30. ಉಳಿದಿದ್ದನ್ನು ಸುರುಳಿ ಸುತ್ತಿ ಇಡಬೇಕು, ಬಳೆಗಿಂತ ದೊಡ್ಡ ಸುತ್ತು.

ಬರೀ ವೈರ್ ತಂದು ಎಳೆದ ಮೇಲೆ ತುದಿಗೆ ಪಿನ್ ಹಾಕಿಸಿದರೆ ಮತ್ತೆ ಎರಡು ದಾರಿ. ಫಾಸ್ಟ್ ಕನೆಕ್ಟರ್ ಅಂತ ಒತ್ತಿ ಕೂರಿಸುವುದು, ಐದು ನಿಮಿಷದ ಕೆಲಸ, ಕತ್ತರಿಸುವವನ ಕೈ ಚೆನ್ನಾಗಿದ್ದರೆ ಅದೂ ಚೆನ್ನಾಗಿರುತ್ತದೆ. ಒಳಗೆ ಗಾಜು ಬೆಸೆದಿರೋದಿಲ್ಲ, ಒಂದಕ್ಕೊಂದು ತಾಗಿ ನಿಂತಿರುತ್ತದೆ ಅಷ್ಟೇ, ವೈರ್ ಜಗ್ಗಿದರೆ ಜಾರಬಹುದು. ಇನ್ನೊಂದು, ಫ್ಯಾಕ್ಟರಿ ಪಿನ್ ಇರುವ ತುಂಡನ್ನು, ಅಂದರೆ ಪಿಗ್‌ಟೇಲನ್ನು, ಮಷಿನ್ನಿನಲ್ಲಿ ಬೆಸೆಯುವುದು. ಮಷಿನ್ ತರಿಸಬೇಕು, ಸ್ವಲ್ಪ ಖರ್ಚು, ಆದರೆ ಒಮ್ಮೆ ಮಾಡಿಸಿದರೆ ಮರೆತುಬಿಡಬಹುದು. ಬಿಸಿಲಿಗೆ ಬೀಳುವ ಕಡೆ, ಮಾಳಿಗೆ ಮೇಲಿನ ಪೆಟ್ಟಿಗೆಯಲ್ಲಿ, ನಾನು ಫಾಸ್ಟ್ ಕನೆಕ್ಟರ್ ಒಪ್ಪೋದಿಲ್ಲ. ಪಡಸಾಲೆಯೊಳಗೆ ನಡೆಯುತ್ತದೆ. ಕೆಲಸ ಯಾರು ಮಾಡಿದರೂ ಕತ್ತರಿಸಿದ ಗಾಜಿನ ಚೂರು ಟೇಪಿಗೆ ಅಂಟಿಸಿ ಎಸೆಯಲು ಹೇಳಿ. ಫರಸಿ ಮೇಲೆ ಬಿದ್ದರೆ ಕಾಣೋದೇ ಇಲ್ಲ, ಅಂಬೆಗಾಲಿಡುವ ಮಕ್ಕಳ ಕೈಗೆ ಚುಚ್ಚುತ್ತದೆ.

ಅಥವಾ ಫೈಬರ್ ಬೇಡವೇ ಬೇಡ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಹೇಳಿದರೆ ಬೈಯುತ್ತೀರಿ. ಆದರೂ ಹೇಳಬೇಕು. ಬಾಕ್ಸ್ ಇದ್ದಲ್ಲೇ ಇರಲಿ, ಅಲ್ಲಿಂದ ಮೇಲಿನ ಕೋಣೆಗೆ ಒಂದು ಕ್ಯಾಟ್6 ವೈರ್ ಎಳೆದು ಅಲ್ಲೊಂದು ವೈಫೈ ರೌಟರ್ ಇಟ್ಟರೆ ಬಹಳ ಮನೆಗಳ ಕೆಲಸ ಮುಗಿಯುತ್ತದೆ. ತಾಮ್ರದ ವೈರ್ 100 ಮೀಟರಿನ ತನಕ 1 ಗಿಗಾಬಿಟ್ ಆರಾಮಾಗಿ ಒಯ್ಯುತ್ತದೆ, ಬಾಗಿದರೆ ಬೆಳಕು ಸೋರೋ ಭಯ ಇಲ್ಲ, ಧೂಳು ಬಿದ್ದರೂ ಊದಿ ಹಾಕಬಹುದು, ತುದಿಗೆ ಪಿನ್ ಒತ್ತೋಕೆ ಓಣಿಯ ಕಂಪ್ಯೂಟರ್ ಅಂಗಡಿಯ ಹುಡುಗನೇ ಸಾಕು. ಒಂದೇ ಎಚ್ಚರ: ಸಿಸಿಎ ಅಂತ ಬರೆದದ್ದು ತರಬೇಡಿ, ಅದು ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಪೂರ್ತಿ ತಾಮ್ರದ್ದೇ ಕೇಳಿ. ಹೊರಗೆ ಬಿಸಿಲಿಗೆ ಬರುವುದಾದರೆ ಇದಕ್ಕೂ ಹೊರಗಿನ ಕವಚದ್ದೇ ಬೇಕು.

ಹಾಗಾದರೆ ನಾನು ಯಾಕೆ ಫೈಬರನ್ನೇ ಮೇಲೆ ಒಯ್ದೆ? ಕರೆಂಟಿಗಾಗಿ. ನಮ್ಮ ಮನೆಯ ಇನ್ವರ್ಟರ್ ಲೈನ್ ಇರೋದು ಮೇಲಿನ ಕೋಣೆಗೆ ಮಾತ್ರ. ಬಾಕ್ಸ್ ಕೆಳಗೇ ಇದ್ದರೆ ಕರೆಂಟ್ ಹೋದಾಗ ಅದು ಸಾಯುತ್ತದೆ, ಮೇಲಿನ ರೌಟರ್ ಬದುಕಿದ್ದೂ ಪ್ರಯೋಜನ ಇಲ್ಲ. ಕಂಬದಿಂದ ಮನೆಯ ತನಕ ಫೈಬರಿಗೆ ಕರೆಂಟೇ ಬೇಡ, ಹಾಗಾಗಿ ಬಾಕ್ಸ್ ಒಂದಕ್ಕೆ ಇನ್ವರ್ಟರ್ ಸಿಕ್ಕರೆ ಓಣಿ ಕತ್ತಲಾದರೂ, ಆಚೆ ಕಡೆ ಕಂಪನಿಯ ಮಷಿನ್ ನಡೆಯುತ್ತಿರುವ ತನಕ, ಇಂಟರ್ನೆಟ್ ಇರುತ್ತದೆ. ರೌಟರಿನ ಸಣ್ಣ ಯುಪಿಎಸ್ ಸಿಗುತ್ತದೆ ಅಂತ ಆಗ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಕ್ಯಾಟ್6 ಎಳೆದು ಸುಮ್ಮನಿರುತ್ತಿದ್ದೆ.

ಫೈಬರ್ ಬಿಟ್ಟು ಬೇರೆ ದಾರಿ ಇಲ್ಲದ ಕಡೆ ಒಂದಿದೆ: ದೂರ. ಚಿಂಚೋಳಿ ಕಡೆ ನಮ್ಮ ಕಾಕಾನ ಹೊಲದಮನೆ, ಊರಮನೆಯಿಂದ ಸುಮಾರು 250 ಮೀಟರ್. ಕ್ಯಾಟ್6 ಅಷ್ಟು ದೂರ ನಡೆಯೋದಿಲ್ಲ. ಅಲ್ಲಿಗೆ ಕಪ್ಪು ಡ್ರಾಪ್ ವೈರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ತಾಮ್ರದ ವೈರಿಗೆ, ಅಲ್ಲಿಂದ ಮತ್ತೆ ಬೆಳಕಿಗೆ ಬದಲಿಸುವ ಪೆಟ್ಟಿಗೆ, ಹಾಕಿಸಿದೆವು. ಅವು ಜೋಡಿಯಲ್ಲೇ ಬರುತ್ತವೆ, ಒಂದು 1310ರಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ತಿರುಗುಮುರುಗು. ಒಂದೇ ಥರದ್ದು ಎರಡು ತಂದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರು ಯಾರೂ ಇಲ್ಲ. ವೈರನ್ನು ಕರಿಮಣ್ಣಿನಲ್ಲಿ ಹಾಗೇ ಹೂಳೋಣ ಅಂದರು ಕಾಕಾ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಬರೀ ವೈರ್ ಅದಕ್ಕೆ ತಡೆಯೋದಿಲ್ಲ. ಪೈಪಿನೊಳಗೆ, ಸಡಿಲ ಬಿಟ್ಟು ಎಳೆದೆವು.

ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಎರಡು ಎಳೆಯ ಕಪ್ಪು ಡ್ರಾಪ್ ವೈರ್, ಎಫ್‌ಆರ್‌ಪಿ, 657ಎ2. ಹಳೇ ವೈರಿಗೆ ಜೋಡಿಸೋ ಗೋಜೇ ಬೇಡ ಅಂತ ಕಂಬದ ಪೆಟ್ಟಿಗೆಯಿಂದ ನೇರ ಮೇಲಿನ ಕೋಣೆಗೆ ಎಳೆಸಿ, ಹಸಿರು ಪಿಗ್‌ಟೇಲ್ ಬೆಸೆಸಿದೆ. ಅಂಕಿ ಈಗ ಮೈನಸ್ 20.8. ನೀಲಿ ಪಿನ್ನಿನ ಹಳದಿ ವೈರು ಕಪಾಟಿನ ಮೇಲಿದೆ, ಎಂದಾದರೂ ನೀಲಿ ಕಿಂಡಿಯ ಬಾಕ್ಸ್ ಬಂದರೆ ಬೇಕಾಗುತ್ತದೆ. ಆ ಚಂದದ 10 ಜಿಬಿ ವೈರನ್ನು ಅವ್ವ ಮಾಳಿಗೆಗೆ ಒಯ್ದಳು. ಅದರೊಳಗಿನ ಹಳದಿ ನಾರು ಭಾಳ ಗಟ್ಟಿ. ಸಂಡಿಗೆ ಒಣಹಾಕಿದಾಗ ಮೇಲಿನ ಸೀರೆ ಗಾಳಿಗೆ ಹಾರದ ಹಾಗೆ ಅದರಲ್ಲೇ ಕಟ್ಟುತ್ತಾಳೆ.